ಎದುರು ಸುತ್ತು

ಕ್ರೋಯ್ಡನ್
12 ಮೇ 2025

ಮುದ್ದು ತನ್ಮಯಿ,

ನಿನ್ನ ಪತ್ರ ಬಂದು ಮೂರು ವಾರವಾಯಿತು, ಬೈದುಕೋ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ಈ ಪುಟ್ಟ ಫ್ಲ್ಯಾಟಿನಲ್ಲಿ ಯಾವ ಮೂಲೆಗೆ ಹೋದರೂ ನಿಮ್ಮಪ್ಪನಿಗೆ ಕೇಳಿಸುತ್ತದೆ. ನನ್ನ ಮೊಣಕಾಲೊಂದು ಬಿಟ್ಟರೆ ಇಲ್ಲಿ ಎಲ್ಲ ಸೌಖ್ಯ. ನಿನಗೆ ಏಳು ತಿಂಗಳು ತುಂಬಿತಲ್ಲ, ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡು.

ನಿಮ್ಮಪ್ಪನದೇ ಒಂದು ಹುಚ್ಚು. ಸ್ಪೇನಿನ ಹುಡುಗನೆಂದು ನಿನ್ನ ಮದುವೆಗೂ ಬಾರದವರು, ಎರಡು ವರ್ಷ ನಿನ್ನ ಹೆಸರೆತ್ತದವರು, ಚಳಿಗಾಲದಿಂದ ಲೈಬ್ರರಿಯಿಂದ ನಿಮ್ಮೂರು ಸಾಲಮಾಂಕಾದ ಪುಸ್ತಕಗಳನ್ನೆಲ್ಲ ಹೊತ್ತು ತರುತ್ತಿದ್ದಾರೆ. ನಿನ್ನ ಕಿಟಕಿಯ ಕೆಳಗಿನ ಆ ದೊಡ್ಡ ಚೌಕದ ಚರಿತ್ರೆ ಈಗ ನನಗೂ ಬಾಯಿಪಾಠ. 1729ರಲ್ಲಿ ಶುರುವಾಗಿ ಮುಗಿಯಲು ಇಪ್ಪತ್ತಾರು ವರ್ಷ ಹಿಡಿಯಿತಂತೆ. ಅಲ್ಲೇ ಗೂಳಿಕಾಳಗ ನಡೆಯುತ್ತಿತ್ತಂತೆ, ಜನ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರಂತೆ. ಮಾರ್ಚಿನಲ್ಲಿ ಒಂದು ದಿನ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದರೆ ಪುಸ್ತಕ ಹಿಡಿದು ಅಡುಗೆಮನೆಗೇ ಬಂದರು.

“ಕೇಳಿಲ್ಲೆ. ಸಂಜೀಮುಂದ ಗಂಡಸರು ಒಂದ ಕಡಿಂದ ಸುತ್ತ ಹಾಕತಿದ್ರಂತ, ಹೆಣ್ಣಮಕ್ಕಳು ಎದರ ಕಡಿಂದ. ಒಂದ ಸುತ್ತಿಗೆ ಎರಡ ಸಲಾ ಮಾರಿಗೆ ಮಾರಿ!”

“ಇಲ್ಲೆ ಕೂತು ಓದೂದ್ಯಾಕ? ಹೋಗಿ ನೋಡಬಾರದ?” ಎಂದೆ.

ಪುಸ್ತಕ ಮುಚ್ಚಿ ಹೊರಗೆ ಹೋಗಿ ಟ್ರ್ಯಾಮ್ ಹತ್ತಿದರು. ಈಗಂತೂ ಒಂದು ಕಡೆ ಕೂರುವುದಿಲ್ಲ, ನನ್ನನ್ನೂ ಕೂರಗೊಡುವುದಿಲ್ಲ. ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ಬಾಣಂತನಕ್ಕೆ ಜುಲೈ ಮೊದಲ ವಾರ ನಾನು ಬರುತ್ತೇನೆ. ಟಿಕೆಟ್ ಆಗಿದೆ, ಒಂದೇ.

ನಿನಗೂ ಹೊಟ್ಟೆಯಲ್ಲಿರುವ ಆ ಜೀವಕ್ಕೂ ಯಾರ ಕಣ್ಣೂ ತಾಗದಿರಲಿ.

ನಿನ್ನ ಅಮ್ಮ,
ಚಂದ್ರಿಕಾ

ತಾ.ಕ.: ನಾಲ್ಕು ಸಲ ಹರಿದದ್ದು ಇದಕ್ಕೇ. ನಿಮ್ಮಪ್ಪನ ಕೋಟನ್ನು ಡ್ರೈಕ್ಲೀನಿಗೆ ಕೊಡಲು ತೆಗೆದರೆ ಜೇಬಿನಲ್ಲಿ ಏಪ್ರಿಲ್ ತಿಂಗಳ ಮ್ಯಾಡ್ರಿಡ್ ಬೋರ್ಡಿಂಗ್ ಪಾಸ್. ನನಗೆ ಹೇಳಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಹಳೆಯ ಡಾಕ್ಟರ್ ಗೆಳೆಯರ ಕೂಟ ಎಂದು. ಹಿಡಿದು ಕೇಳಿದೆ. ಮಧ್ಯಾಹ್ನದಿಂದ ಚೌಕದ ಗಡಿಯಾರದ ಕೆಳಗೆ ನಿಂತಿದ್ದರಂತೆ. ಸಂಜೆ ನೀನು ಹಸಿರು ಶಾಲು ಹೊದ್ದು ಒಬ್ಬಳೇ ವಾಕಿಂಗಿಗೆ ಇಳಿದೆಯಂತೆ. ಮೂರು ಸುತ್ತೂ ನಿನ್ನ ಬೆನ್ನ ಹಿಂದೆಯೇ ನಡೆದು, ಕರೆಯದೆ ಹಾಗೇ ವಾಪಸು ಬಂದುಬಿಟ್ಟಿದ್ದಾರೆ. ಅಷ್ಟೆಲ್ಲ ಓದಿದವರಿಗೆ ಎದುರು ಕಡೆಯಿಂದ ಸುತ್ತಬೇಕೆಂದು ಹೊಳೆಯಲಿಲ್ಲವೇ ಎಂದು ಕೇಳಿದೆ.

“ಹೊಳದಿತ್ತು, ಚಂದ್ರಿ,” ಎಂದರು. “ಅಕಿ ಮಾರಿ ತಿರಿವಿ ಹ್ವಾದ್ರ?”