ಅಭ್ಯಾಸಕ್ಕೆಂದು ಹೊತ್ತೊಯ್ದ ನನ್ನ ತಾಯಿ

ಪ್ರಾಂತದ ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ನಮ್ಮ ಲೋವೆನಿ ಗ್ರಾಮದ ಆರೋಗ್ಯ ಕೇಂದ್ರದ ಗೋಡೆಗೆ ತಮ್ಮ ಕಚೇರಿಯವರು ಅಂಟಿಸಿ ಹೋಗಿರುವ ಭಿತ್ತಿಚಿತ್ರದಲ್ಲಿ ಸ್ಟ್ರೆಚರ್ ಮೇಲೆ ಮಲಗಿ ನಗುತ್ತಿರುವ ಮುದುಕಿ ನನ್ನ ತಾಯಿ ಲೇಮಾರಾ. ಅವಳ ಕೆಳಗೆ ದಪ್ಪ ಅಕ್ಷರದಲ್ಲಿ ‘ಚಂಡಮಾರುತದಲ್ಲಿ ಯಾರನ್ನೂ ಹಿಂದೆ ಬಿಡುವುದಿಲ್ಲ’ ಎಂದು ಅಚ್ಚಾಗಿದೆ. ಚಂಡಮಾರುತ ಬಂದ ದಿನ ಇಡೀ ಊರಿನಲ್ಲಿ ಹಿಂದೆ ಉಳಿದವಳು ಅವಳೊಬ್ಬಳೇ. ಇದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಹೀಗೆ ಹತ್ತು ಜನ ಓದುವಂತೆ ತಿಳಿಸಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆ.

ತಮಗೆ ನೆನಪಿರಬಹುದು. ಬಿರುಗಾಳಿ ಇನ್ನೂ ದೂರದ ಸಮುದ್ರದಲ್ಲಿ ಸುತ್ತುತ್ತಿದೆ ಎಂದು ರಾಜಧಾನಿ ವಿಲಾದ ರೇಡಿಯೊ ಹೇಳುತ್ತಿದ್ದ ಹೊತ್ತು. ಊರೆಲ್ಲ ತನ್ನ ಕೆಲಸದಲ್ಲಿತ್ತು. ಗಂಡಸರು ದೋಣಿಗಳನ್ನು ಎಳೆದು ತಂದು ಮರಗಳಿಗೆ ಬಿಗಿಯುತ್ತಿದ್ದರು. ಹೆಂಗಸರು ಬಾಳೆಯ ಎಲೆ ಕಡಿದು ಗಿಡ ಹಗುರ ಮಾಡುತ್ತಿದ್ದರು, ಕೆಸುವಿನ ಗಡ್ಡೆ ಕಿತ್ತು ಮನೆಯೊಳಗೆ ಹಾಕುತ್ತಿದ್ದರು. ಇದನ್ನು ನಮಗೆ ಯಾವ ಕಚೇರಿಯೂ ಕಲಿಸಿದ್ದಲ್ಲ. ಅಷ್ಟರಲ್ಲಿ ತಾವು ದೋಣಿಯಲ್ಲಿ ಬಂದಿಳಿದಿರಿ. ಜೊತೆಗೆ ಹಣ ಕೊಟ್ಟ ವಿದೇಶಿ ಅತಿಥಿಗಳು, ಕ್ಯಾಮೆರಾ ಹಿಡಿದವರು, ಧ್ವನಿವರ್ಧಕ, ಕಿತ್ತಳೆ ಬಣ್ಣದ ಜಾಕೆಟ್‌ಗಳು, ಒಂದು ಹೊಸ ಸ್ಟ್ರೆಚರ್. ಊರಿನವರೆಲ್ಲ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಬರಬೇಕೆಂದೂ ‘ರಕ್ಷಣಾ ಅಭ್ಯಾಸ’ ನಡೆಯಲಿದೆಯೆಂದೂ ಅಪ್ಪಣೆಯಾಯಿತು. ಗಾಳಿಗಾಗಿ ಸಿದ್ಧರಾಗುತ್ತಿದ್ದವರನ್ನು ತಡೆದು, ಸಿದ್ಧರಾಗುವುದು ಹೇಗೆಂದು ತೋರಿಸುವ ಉಪಕಾರವನ್ನು ಇನ್ನಾರು ಮಾಡಿಯಾರು?

ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಿತ್ತು. ನನ್ನ ತಾಯಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಊರಿನ ಹಿರಿಯ ಕಲ್‌ತಾಂಗ ಬಂದು ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿದೆ. ಒಪ್ಪಿದೆ ಎಂದರೆ ಕಡಿಮೆ ಹೇಳಿದಂತೆ, ಹಿಗ್ಗಿ ಹೋದೆ. ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಅವಳ ಹೂವಿನ ಗೌನು ತೀಡಿದೆ, ತಲೆ ಬಾಚಿದೆ, ಕಿವಿಯ ಮೇಲೆ ದಾಸವಾಳ ಮುಡಿಸಿದೆ. ಜಾಕೆಟ್ ತೊಟ್ಟ ನಮ್ಮೂರಿನ ನಾಲ್ವರು ಅವಳನ್ನು ಹೊತ್ತು, ತೊರೆ ದಾಟಿ, ದಿಬ್ಬದ ಮೇಲಿನ ಶಾಲೆಗೆ ಒಯ್ದರು. ದಾರಿಯುದ್ದಕ್ಕೂ ಅವಳು ಅತ್ತಿತ್ತ ಕೈಬೀಸಿದಳು. ವರ್ಷಗಟ್ಟಲೆ ಮೂಲೆಯ ಚಾಪೆ ಬಿಟ್ಟು ಏಳದವಳನ್ನು ಸರ್ಕಾರವೇ ಹೊತ್ತು ಮೆರೆಸಿದರೆ ಯಾರು ತಾನೇ ನಗುವುದಿಲ್ಲ? ಆ ನಗು ತಮ್ಮ ಕ್ಯಾಮೆರಾಕ್ಕೆ ಚೆನ್ನಾಗಿ ಸಿಕ್ಕಿದೆ.

ಶಾಲೆಯ ಕೋಣೆಯಲ್ಲಿ ಇಳಿಸಿದ ಮೇಲೆ ಅವಳು ತಮ್ಮ ಕೈ ಹಿಡಿದು ಹೇಳಿದ್ದಳು: “ಸ್ವಾಮೀ, ಹೇಗೂ ಗಾಳಿ ಬರುತ್ತೆ ಅಂತಾರೆ. ನಾನು ಇಲ್ಲೇ ಬಿದ್ದಿರ್ತೀನಿ. ಮತ್ತೆ ಇವರಿಗೆಲ್ಲ ಹೊರೋ ಕಷ್ಟ ಯಾಕೆ?”

ತಾವು ಬಗ್ಗಿ, ಪ್ರೀತಿಯಿಂದಲೇ ಉತ್ತರ ಕೊಟ್ಟಿರಿ: “ಅಜ್ಜಿ, ಇದು ಬರೀ ಅಭ್ಯಾಸ ಕಣಮ್ಮ. ನಿಜವಾದ್ದು ಬಂದಾಗ ನಾವೇ ಬಂದು ಕರ್ಕೊಂಡು ಹೋಗ್ತೀವಿ.”

ಕೆಂಪು ಎಚ್ಚರಿಕೆ ಬರುವವರೆಗೆ ಶಾಲೆಯ ಬಾಗಿಲು ತೆರೆದಿಡುವಂತಿಲ್ಲವೆಂಬುದು ನಿಯಮವಂತೆ. ಸ್ಟ್ರೆಚರ್ ಪಕ್ಕದ ಊರಿನ ಅಭ್ಯಾಸಕ್ಕೆ ಬೇಕಿತ್ತಂತೆ. ಜಾಕೆಟ್‌ಗಳನ್ನು ಎಣಿಸಿ, ಮಡಚಿ, ದೋಣಿಗೆ ತುಂಬಿದರು. ನನ್ನ ತಾಯಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟರು. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಉಪಕಾರವಾಯಿತು ಎಂದೆ.

ಕೆಂಪು ಎಚ್ಚರಿಕೆ ಬಂದದ್ದು ಮರುದಿನ ಮಧ್ಯಾಹ್ನ. ಎಲ್ಲರೂ ಶಾಲೆಗೆ ಹೊರಡಲೆಂದು ಶಂಖ ಊದಿದರು. ನಾನು ಅಮ್ಮನನ್ನು ಎಬ್ಬಿಸಹೋದರೆ ಅವಳು ನನ್ನ ಕೈ ತಳ್ಳಿದಳು. “ಅವಸರ ಪಡಬೇಡ. ಅಷ್ಟು ದೊಡ್ಡ ಮನುಷ್ಯರು ಬಾಯಿಬಿಟ್ಟು ಹೇಳಿದಾರೆ. ಬಂದಾಗ ನಾವಿಲ್ಲಿ ಇಲ್ಲದಿದ್ರೆ ಏನಂದ್ಕೋತಾರೆ?” ಎಂದಳು. ಹೂವಿನ ಗೌನು ಮತ್ತೆ ತೊಡಿಸಿಕೊಂಡಳು. ಬೀಸುತ್ತಿರುವ ಗಾಳಿಯಲ್ಲಿ ಯಾವ ದೋಣಿಯೂ ಬರಲಾರದೆಂದು ನನಗೆ ಗೊತ್ತಿತ್ತು. ಆದರೂ ಅವಳ ಮುಖ ನೋಡಿ ಸ್ವಲ್ಪ ಹೊತ್ತು ನಾನೂ ಕಾದೆ.

ಆಮೇಲೆ ಕಲ್‌ತಾಂಗನ ಮನೆಗೆ ಓಡಿದೆ. ಅವನು ಮಾಡಿನ ಮೇಲೆ ಕೂತು ತೆಂಗಿನ ಗರಿಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ. ತಮ್ಮ ಅಭ್ಯಾಸಕ್ಕೆ ಹೋದ ಹೊತ್ತನ್ನು ಊರಿನ ಗಂಡಸರೆಲ್ಲ ಆ ಮಧ್ಯಾಹ್ನ ತುಂಬಿಕೊಳ್ಳುತ್ತಿದ್ದರು. “ಈ ಬದಿ ಒಂದು ಕಟ್ಟಿ ಬಂದೆ, ರೊಸೀನಾ. ನೀನು ನಡಿ” ಎಂದ. ನಡೆದೆ. ಅವನು ಬರಲಿಲ್ಲ. ಸ್ಟ್ರೆಚರ್ ಹೊತ್ತಿದ್ದ ನಾಲ್ವರಲ್ಲಿ ಯಾರೂ ಬರಲಿಲ್ಲ. ಒಬ್ಬೊಬ್ಬರೂ ಉಳಿದ ಮೂವರು ಹೋಗಿರುತ್ತಾರೆಂದುಕೊಂಡಿದ್ದರಂತೆ.

ಮಳೆ ಅಡ್ಡಡ್ಡ ಹೊಡೆಯತೊಡಗಿದಾಗ ನಾನು ಅವಳನ್ನು ಬೆನ್ನಿಗೆ ಹಾಕಿ ಉದ್ದನೆಯ ಬಟ್ಟೆಯಿಂದ ಬಿಗಿದುಕೊಂಡು ಹೊರಟೆ. ತೊರೆ ಸೊಂಟಕ್ಕೆ ಬಂದಿತ್ತು. ಎರಡು ಸಲ ಬಿದ್ದೆ. ಎರಡನೆಯ ಸಲ ಅವಳ ಭಾರವೆಲ್ಲ ಕೆಸರಿಗೆ ಹೋಯಿತು. ಎತ್ತುವಾಗ ಅವಳು ಬಟ್ಟೆಯಲ್ಲೇ ಎಲ್ಲ ಮಾಡಿಕೊಂಡದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಅವಳಿಗೆ ಮೈಲಿಗೆಯಾದರೆ ಮುಖ ತಿರುಗಿಸಿ ನಿಲ್ಲುವ ಮಗಳು ನಾನಲ್ಲ, ಅದು ಅವಳಿಗೆ ಗೊತ್ತು. ಆದರೆ ಮುಂದೆ ಶಾಲೆಯಲ್ಲಿ ಇಡೀ ಊರು ಕೂತಿತ್ತಲ್ಲ.

ಶಾಲೆಯ ಬಾಗಿಲು ತೆರೆದಾಗ ಒಳಗೆ ಎಲ್ಲರೂ ಇದ್ದರು. ಲಾಟೀನಿನ ಬೆಳಕಿನಲ್ಲಿ ನಮ್ಮನ್ನು ನೋಡಿ ಕಲ್‌ತಾಂಗ ಎದ್ದು ಕೈ ಚಾಚಿದ. ನನ್ನ ತಾಯಿ ನನ್ನ ಹೆಗಲ ಮೇಲಿಂದ ಹೇಳಿದಳು: “ಯಾರೂ ಹತ್ರ ಬರಬೇಡ್ರಪ್ಪ. ನಾನು ನಾರ್ತಿದೀನಿ.”

ಪಾದ್ರಿಯ ಹೆಂಡತಿ ಬಂದು ಅವಳನ್ನು ತೊಳೆದು ತನ್ನ ಗೌನು ತೊಡಿಸಿದಳು. ಗಂಡಸರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಆ ಗೋಡೆ ಬೆಳಗಿನವರೆಗೂ ನಡುಗಿತು, ಬೀಳಲಿಲ್ಲ. ನಮ್ಮ ಮನೆ ಇದ್ದಲ್ಲಿ ಬೆಳಿಗ್ಗೆ ನೆಲ ಮಾತ್ರ ಇತ್ತು.

ಅವಳು ಬದುಕಿದ್ದಾಳೆ, ಈ ಒಂದು ಸಾಲನ್ನು ತಾವು ವರದಿಗೆ ಸೇರಿಸಿಕೊಳ್ಳಬಹುದು, ‘ಪ್ರಾಣಹಾನಿ ಇಲ್ಲ’ ಎಂದು. ಆದರೆ ಅವಳೀಗ ಚರ್ಚಿಗೆ ಬರುವುದಿಲ್ಲ. ಯಾರಾದರೂ ಹೊರುತ್ತೇವೆಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಲ್‌ತಾಂಗ ತಪ್ಪದೆ ಮೀನು ತಂದು ನಮ್ಮ ಹೊಸ ಗುಡಿಸಲ ಬಾಗಿಲಲ್ಲಿಟ್ಟು, ನನ್ನ ಮುಖ ನೋಡದೆ ಹೋಗುತ್ತಾನೆ. ಒಂದೇ ಪಾತ್ರೆಯಲ್ಲಿ ಉಂಡ ಊರು, ಮಾನ್ಯರೇ, ಈಗ ಒಬ್ಬರನ್ನೊಬ್ಬರು ಕಂಡರೆ ತಲೆ ತಗ್ಗಿಸುತ್ತದೆ. ನಮ್ಮ ತಪ್ಪನ್ನೆಲ್ಲ ತಮ್ಮ ಮೇಲೆ ಹಾಕುವಷ್ಟು ನಾವು ನಾಚಿಕೆಗೆಟ್ಟಿಲ್ಲ. ನಮ್ಮ ಪಾಲು ನಮಗಿರಲಿ. ತಮ್ಮ ಪಾಲನ್ನು ತಾವು ತೆಗೆದುಕೊಳ್ಳಿ.

ಭಿತ್ತಿಚಿತ್ರ ಬಂದದ್ದು ಆಮೇಲೆ. ಅದರ ಸುದ್ದಿಯನ್ನು ಅವಳಿಂದ ಮುಚ್ಚಿಟ್ಟಿದ್ದೆ. ಕೆಮ್ಮು ಹೆಚ್ಚಾಗಿ ಆರೋಗ್ಯ ಕೇಂದ್ರಕ್ಕೆ ಒಯ್ಯಲೇಬೇಕಾದ ದಿನ ಅವಳೇ ಕಂಡಳು. ಬಹಳ ಹೊತ್ತು ನೋಡಿದಳು. ನಾನು ಹರಿದು ಹಾಕುತ್ತೇನೆಂದು ಗೋಡೆಗೆ ಕೈ ಹಾಕಿದೆ. ಅವಳು ತಡೆದಳು.

“ಬಿಡೇ ರೊಸೀನಾ. ಅದರಲ್ಲಾದ್ರೂ ಚೊಕ್ಕಟವಾಗಿದೀನಿ.”

ಆದ್ದರಿಂದ ಚಿತ್ರ ತೆಗೆಸಿ ಎಂದು ನಾನು ಕೇಳುವುದಿಲ್ಲ. ಮುಂದಿನ ಗಾಳಿಗಾಲಕ್ಕೆ ಮೊದಲು ಪ್ರತಿ ಊರಿನಲ್ಲೂ ಒಂದು ಸ್ಟ್ರೆಚರ್ ಇರಬೇಕು, ಅದು ಅಲ್ಲೇ ಉಳಿಯಬೇಕು. ಏಳಲಾಗದವರಿಗೆ ಶಾಲೆಯ ಬಾಗಿಲನ್ನು ಮೊದಲ ಎಚ್ಚರಿಕೆಗೇ ತೆರೆಯಬೇಕು. ಅಭ್ಯಾಸವನ್ನು ಗಾಳಿ ಇಲ್ಲದ ತಿಂಗಳಲ್ಲಿ ಮಾಡಿಸಿ. ಬರಲು ಆಗದಿದ್ದರೆ ಆಗದು ಎನ್ನಿ. ಸಮುದ್ರ ಯಾರ ಅಪ್ಪಣೆಯನ್ನೂ ಕೇಳದೆಂದು ಬಲ್ಲ ಜನ ನಾವು, ಕೋಪಿಸಿಕೊಳ್ಳುವುದಿಲ್ಲ. ಬರುತ್ತೇವೆಂದು ಮಾತ್ರ ಯಾವ ಮುದುಕಿಗೂ ಹೇಳಬೇಡಿ. ಅವಳು ನಂಬುತ್ತಾಳೆ, ಒಳ್ಳೆಯ ಬಟ್ಟೆ ತೊಟ್ಟು ಕಾಯುತ್ತಾಳೆ.

ಇಂತಿ,
ಬಾಗಿಲಲ್ಲಿ ನಿಂತು ತಮಗೆ ಉಪಕಾರವಾಯಿತು ಎಂದವಳು,
ರೊಸೀನಾ, ಲೇಮಾರಾಳ ಮಗಳು
ಲೋವೆನಿ ಗ್ರಾಮ, ವನುವಾಟು