ಹೌದ್ರಿ ಅಂದವರ ಪಟ್ಟಿ

ಮುದನಾಳ
ತಾ. ೧೨-೨-೧೯೫೭

ತಮ್ಮ ಅಂಬಣ್ಣಗ ನಿನ್ನ ಅಕ್ಕ ಸುಂದ್ರಮ್ಮನ ಆಶೀರ್ವಾದ. ನಾವೆಲ್ಲ ಆರಾಮ ಅದೀವಿ ಅಂತ ಬರಿಬೇಕು, ಬರಿಯಂಗಿಲ್ಲ.

ಯಾದಗಿರಿ ಕಿವಿ ಕ್ಯಾಂಪಿನ ಕಾರಕೂನ ಆಗಿ ನೀ ಬರದ ಪಟ್ಟಿ ನಮ್ಮ ಚಾವಡಿ ಗೋಡಿಗೆ ಹಚ್ಯಾರ. ಕಿವಿ ಮಷೀನು ತಗೊಂಡವರು ನಲವತ್ತೊಂದು ಮಂದಿ, ಛಲೋ ಕೇಳಸೋರು ನಲವತ್ತೊಂದು ಮಂದಿ. ಅದರಾಗ ಅವ್ವನ ಹೆಸರೂ ಅದ. ಕೇಳಸೂದಿಲ್ಲ ಅಂತ ಪಟ್ಟ್ಯಾಗ ಇದ್ದವರನ್ನಷ್ಟ ಡಾಕ್ಟರು ಇಪ್ಪತ್ತನೇ ತಾರೀಖಿಗೆ ತಿರುಗಿ ನೋಡ್ತಾರಂತ. ಹಂಗಾದ್ರ ಅವತ್ತು ಅವರು ನೋಡೂದು ಯಾರನ್ನೋ, ಖಾಲಿ ಕುರ್ಚಿನ?

ರಾಜ್ಯ ಒಂದಾಗ್ಯಾವ, ಹೊಸ ಸರ್ಕಾರಕ್ಕ ಕಾಗದ ಚಂದ ಕಾಣಬೇಕು ಅಂತ ನಿಮ್ಮ ಸಾಹೇಬರು ಅಂದ್ರಂತ. ಉರ್ದುದಾಗ ಬರಿಯೂದು ಬಿಟ್ಟು ಕನ್ನಡದಾಗ ಸುಳ್ಳು ಬರಿಯಾಕ ಕಲ್ತಿ, ಭಲೆ!

ಕ್ಯಾಂಪಿನ ಖೋಲ್ಯಾಗ ಡಾಕ್ಟರು ಎದುರಿಗೆ ಕುಂತು ಗಂಟಿ ಬಾರಿಸಿ, ಕೇಳಸ್ತದೇನವ್ವಾ ಅಂದ್ರ ನಮ್ಮ ಮಂದಿ ಏನಂತಾರ? ದೊಡ್ಡವರ ಮುಂದ ಹೌದ್ರಿ ಅಂತಾರ. ಅವ್ವನೂ ಅಂದಳು. ಅಕಿ ಕುರಿ ಕಾಯಾಕಿ ಅಲ್ಲೇನೋ? ಅಕಿಗೆ ಬೇಕಾದ್ದು ಬೆನ್ನ ಹಿಂದಿನ ಸಪ್ಪಳ. ಅಡವ್ಯಾಗ ಗಾಳಿ ಬಿಟ್ರ ಮಷೀನು ಬರೇ ಭರ್ರ ಅಂತದಂತ. ಹೋದ ವಾರ ಹತ್ತು ಮಾರು ಹಿಂದ ತ್ವಾಳ ಬಂದು ಮರಿ ಹೊತ್ತು ಒಯ್ತು. ತಾಯಿ ಕುರಿ ಒಂದೇ ಸವನ ಒದರಿದ್ರೂ ಅವ್ವ ತಿರುಗಿ ನೋಡಿಲ್ಲ. ಅವತ್ತಿನಿಂದ ಅಡವಿಗೆ ಹೋಗವಲ್ಲಳು, ರೊಟ್ಟಿ ಮುಟ್ಟವಲ್ಲಳು. ನಾ ಯಾತಕ್ಕೂ ಬಾರದಾಕಿ ಅಂತ ಮೂಲ್ಯಾಗ ಕುಂತಾಳ.

ಊರಾಗಿನ ಮಷೀನಿನವರ ಮನಿಮನಿಗೆ ನಾನೇ ತಿರುಗೀನಿ. ಹಿಂದ ನಿಂತು ಹೆಸರು ಹಿಡದು ಕರದೀನಿ. ಹನ್ನೊಂದು ಮಂದ್ಯಾಗ ತಿರುಗಿದವರು ನಾಲ್ಕೇ ಮಂದಿ. ತಲಿ ಸಿಡಿತದ ಅಂತ ಖುರ್ಷೀದಬೇಗಂ ಅದನ್ನ ಟ್ರಂಕಿನಾಗ ಇಟ್ಟಾಳ. ಮಲ್ಕಪ್ಪ ಕಾಕಾನ ಮಷೀನು ಕೆಟ್ಟು ತಿಂಗಳಾತು, ಸರ್ಕಾರದ ಸಾಮಾನು ಅಂತ ಇನ್ನೂ ಎದಿಗೆ ಕಟಗೊಂಡೇ ಅಡ್ಡಾಡ್ತಾನ. ಇವರ ಮನಿಗೆ ಬಂದು ಒಂದು ಮಾತು ಕೇಳಾಕ ನಿಮಗ ಏನು ರೋಗ ಬಂದಿತ್ತೋ?

ನನ್ನ ಪಟ್ಟಿ ಇದರ ಜೋಡಿ ಇಟ್ಟೀನಿ. ಇಪ್ಪತ್ತರೊಳಗ ನಿನ್ನದು ತಿದ್ದು. ಮೊದಲು ಅವ್ವನ ಹೆಸರು ತಿದ್ದು. ಇಲ್ಲಂದ್ರ ಈ ಮನಿ ಹೊಸ್ತಿಲ ತುಳಿಬ್ಯಾಡ.

ಇಂತಿ, ನಿನ್ನ ಮ್ಯಾಲ ಬೆಂಕಿ ಆಗಿರೂ ಅಕ್ಕ,
ಸುಂದ್ರಮ್ಮ

ತಾ.ಕ.: ಅವತ್ತು ಡಾಕ್ಟರ ಮುಂದ ಅವ್ವ ಇಲ್ರಿ ಅನ್ನಾಕ ಬಾಯಿ ತೆರದಿದ್ದಳು. ಸಾಹೇಬರ ಎದುರಿಗೆ ನಿನ್ನ ಮರ್ಯಾದಿ ಹೋಗ್ತದಂತ ಅಕಿ ತೋಳು ಚಿವುಟಿ ಹೌದ್ರಿ ಅನಸಿದಾಕಿ ನಾನು. ಇದನ್ನ ನೀ ಡಾಕ್ಟರಿಗೆ ಹೇಳಬ್ಯಾಡ. ಇಪ್ಪತ್ತಕ್ಕ ಅವ್ವನ್ನ ಕರಕೊಂಡು ಬರ್ತೀನಿ, ನಾನೇ ಹೇಳ್ತೀನಿ.