ಮನೆದನಿ ಕಳಿಸಿದ ಅರ್ಜಿ

ಗದಗ, ಫೆಬ್ರವರಿ ೩೦, ೨೧೯೧

ನೂರೈವತ್ತು ವರ್ಷ ಹಿಂದಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರ್ ತಿದ್ದಿದ ಮೇಲೆ ನಮಗೆ ಫೆಬ್ರವರಿಯಲ್ಲೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ಇವತ್ತು ಮನಸ್ಸು ನೆಟ್ಟಗಿಲ್ಲ.

ಕಾಲೇಜಿನ ಅರ್ಜಿಯನ್ನು ನೀವು ಕೈಯಾರೆ ತುಂಬುತ್ತಿದ್ದಿರಂತೆ. ನಮ್ಮಲ್ಲಿ ಅದನ್ನು ಮನೆದನಿ ತುಂಬುತ್ತದೆ. ಗೋಡೆಯೊಳಗೆ ಕೂತು ಮನೆಯವರ ಮಾತನ್ನೆಲ್ಲ ನೆನಪಿಟ್ಟುಕೊಳ್ಳುವ ಯಂತ್ರ ಅದು. ಮಕ್ಕಳಿಗೆ ಹದಿನೆಂಟು ತುಂಬಿದ ದಿನ ಅದೇ ಅರ್ಜಿ ಕಳಿಸಿಬಿಡುತ್ತದೆ. ನನ್ನ ತಮ್ಮ ಫಕೀರೇಶನ ಮಗಳು ಇಂಪನಾ ಗುಡ್ಡದ ಮೇಲಿನ ಗಾಳಿಯಂತ್ರ ರಿಪೇರಿ ಮಾಡುವವರ ಹಿಂದೆಯೇ ಸುತ್ತಿ ಬೆಳೆದವಳು. ಅವಳಿಗೆ ಆ ವಿದ್ಯೆಯೇ ಬೇಕು. ಮನೆದನಿ ಮಾತ್ರ ವೈದ್ಯಕೀಯ ಎಂದು ಕಳಿಸಿದೆ. ಅದರದೇನು ತಪ್ಪು? ನೆಂಟರು ಬಂದು ಕೂರುವುದರೊಳಗೆ "ನಮ್ಮ ಹುಡುಗಿ ಡಾಕ್ಟರ್ ಆಗಾಕಿ ನೋಡ್ರಿ" ಅನ್ನುವುದು ಫಕೀರೇಶನ ಚಾಳಿ. ಐದು ವರ್ಷದವಳನ್ನು ಅವರೆದುರು ನಿಲ್ಲಿಸಿ ಅವಳ ಬಾಯಿಂದಲೂ ಹೇಳಿಸಿದ್ದ. ಜಂಬಕ್ಕೆ ನಮ್ಮ ಮನೆತನದಲ್ಲಿ ಯಾವತ್ತೂ ಬರವಿಲ್ಲ.

ತಿದ್ದುಪಡಿಗೆ ದಾರಿಯಿದೆ. ಅರ್ಜಿಗೆ ಮೂಲವಾದ ಮಾತುಗಳನ್ನು ಮನೆದನಿಯ ನೆನಪಿನಿಂದ ಅಳಿಸಬೇಕು. ಅಳಿಸಿದ್ದು ಮತ್ತೆ ಸಿಗುವುದಿಲ್ಲ. ಆ ಮಾತುಗಳಲ್ಲೇ ಇಂಪನಾಳ ಪುಟ್ಟ ದನಿ "ದಾಕ್ಟ್ರು ಆಗ್ತೀನಿ" ಅಂದ ಹಿಂದೆಯೇ ಅವಳ ತಾಯಿ ನಕ್ಕದ್ದು ಕೇಳಿಸುತ್ತದೆ. ಮನೆದನಿ ಬಂದ ತಿಂಗಳಲ್ಲೇ ಆ ತಾಯಿ ತೀರಿಕೊಂಡಳು. ಮನೆಯಲ್ಲಿ ಅವಳದೆಂದು ಉಳಿದಿರುವುದು ಆ ನಗು ಒಂದೇ. ಫಕೀರೇಶ ದಿನಾ ಬೆಳಗ್ಗೆ ಅದನ್ನು ಕೇಳಿಯೇ ಹೊರಗೆ ಹೊರಡುತ್ತಾನೆ.

ಇವತ್ತು ಸಂಜೆಗೆ ಗಡುವು. ಮಧ್ಯಾಹ್ನ ಇಂಪನಾ ನನ್ನ ಹತ್ತಿರ ಬಂದು, "ಇರ್ಲಿ ಬಿಡ್ರಿ ಅತ್ತಿ, ಡಾಕ್ಟರೇ ಆಗ್ತೀನಿ. ಅವ್ವನ ನಗು ಹೋಗೂದು ಬ್ಯಾಡ" ಅಂದಳು. ಆ ಮಾತನ್ನೂ ಮನೆದನಿ ಕೇಳಿಸಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಫಕೀರೇಶನೂ ಕೇಳಿಸಿಕೊಂಡ.

ಅವನು ಗೋಡೆಯ ಮುಂದೆ ಕೂತು ಕೊನೆಯ ಸಲ, ಕೊನೆಯ ಸಲ ಅನ್ನುತ್ತಲೇ ಎಷ್ಟೋ ಸಲ ಆ ನಗುವನ್ನು ಕೇಳಿದ. ಆಮೇಲೆ ಎದ್ದು, "ಅಕಿ ನಕ್ಕಿದ್ದು ಮಗಳನ್ನ ನೋಡಿ, ಡಾಕ್ಟರ್‌ನ ನೋಡಿ ಅಲ್ಲ. ಇವಳಿಗೆ ಬೇಕಾದ್ದನ್ನ ಬರಿ, ಅದನ್ನ ಅಳಿಸಿಬಿಡು" ಅಂದ. ಮನೆದನಿ ಆಗಲಿ ಎಂದಿತು. ಇಂಪನಾ ಅವನ ಹೆಗಲಿಗೆ ಮುಖ ಒತ್ತಿ ಅತ್ತಳು.

ಹಿರಿಯರೇ, ನಿಮ್ಮಲ್ಲಿ ಒಂದೇ ಕೇಳಿಕೆ. ನಿಮ್ಮ ಮಗು ಮುಂದೆ ಏನಾಗುತ್ತದೆ ಎಂದು ಬಂದವರು ಕೇಳಿದರೆ, ಅವರಿಗೆ ಚಹಾ ಕೊಟ್ಟು ಸುಮ್ಮನಿರಿ. ಈ ಅಭ್ಯಾಸ ಅಲ್ಲೇ ನಿಂತರೆ ನಮ್ಮವರೆಗೆ ಬರುವುದಿಲ್ಲ.

ನಾಳೆ ಬೆಳಗ್ಗೆ ಅವನು ಏನನ್ನು ಕೇಳಿ ಹೊರಗೆ ಹೊರಡುತ್ತಾನೋ, ನನಗೆ ಗೊತ್ತಿಲ್ಲ.

ನಿಮ್ಮ ಕುಡಿ,
ನೀಲಗಂಗಾ